ಅಧ್ಯಕ್ಷೆ ಸಿಗ್ತಾರೆ, ಖಜಾಂಚಿ ಸಿಗಲ್ಲ

ಹೋದ ಸಂಚಿಕೆಯಲ್ಲಿ ಹಳೇ ಪುಸ್ತಕಗಳನ್ನು ಏನು ಮಾಡೋದು ಅಂತ ಒಬ್ಬರು ಕೇಳಿದ್ದರು. ಉತ್ತರದಲ್ಲಿ ನಮ್ಮ ಯೂನಿವರ್ಸಿಟಿ ಮಹಿಳೆಯರ ಕ್ಲಬ್ಬಿನ ಪುಸ್ತಕ ಮಾರಾಟದ ಮಾತು ಬಂದುಹೋಯಿತು. ಪುಸ್ತಕದ ವಿಷಯ ಯಾರಿಗೂ ಬೇಡವಾಗಿದೆ, ಎಲ್ಲರೂ ಕ್ಲಬ್ಬಿನ ಬಗ್ಗೆಯೇ ಬರೆದಿದ್ದೀರಿ. ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ.

ಹೊಸ ಓದುಗರಿಗೆ ಎರಡು ಮಾತು. ನಾನು ತುಮಕೂರಿನ ಕಡೆಯವಳು. ಈಗ ಇರೋದು ಕ್ಯಾಲಿಫೋರ್ನಿಯಾದ ಸೆಂಟ್ರಲ್ ವ್ಯಾಲಿಯಲ್ಲಿ, ಬಾದಾಮಿ ತೋಟಗಳ ನಡುವಿನ ಒಂದು ಸಣ್ಣ ಊರಲ್ಲಿ. ಸಂಘದ ಪೂರ್ತಿ ಹೆಸರು ಅಮೆರಿಕನ್ ಅಸೋಸಿಯೇಷನ್ ಆಫ್ ಯೂನಿವರ್ಸಿಟಿ ವಿಮೆನ್. ಎಲ್ಲರೂ ಕರೆಯೋದು ಎಎಯುಡಬ್ಲ್ಯು ಅಂತ. ನಾನಿರೋದು ಅದರ ಒಂದು ಊರ ಶಾಖೆಯಲ್ಲಿ. ಮೊದಲು ಖಜಾಂಚಿಯಾಗಿದ್ದೆ, ಆಮೇಲೆ ಅಧ್ಯಕ್ಷೆ. ಈಗ ಮತ್ತೆ ಪುಸ್ತಕದ ಡಬ್ಬ ಹೊರುವವಳು.

ನನ್ನ ಮಗಳು ಮದುವೆಯಾಗಿ ಅಮೆರಿಕಕ್ಕೆ ಹೋಗಿದ್ದಾಳೆ. ಧಾರವಾಡದಲ್ಲಿ ಎಂ.ಎ. ಮಾಡಿದವಳು. ಗಂಡನ ವೀಸಾದ ಮೇಲೆ ಸಿಕ್ಕ ಎಚ್-4 ವೀಸಾ, ಕೆಲಸ ಮಾಡುವಂತಿಲ್ಲ. ದಿನವಿಡೀ ಒಬ್ಬಳೇ. ನಿಮ್ಮ ಕ್ಲಬ್ಬಿಗೆ ಸೇರಬಹುದಾ? ನಮ್ಮ ಡಿಗ್ರಿ ಅಲ್ಲಿ ನಡೆಯುತ್ತಾ?
— ಓದುಗಿ, ದಾವಣಗೆರೆ

ನಡೆಯುತ್ತೆ. ಧಾರವಾಡದ ಎಂ.ಎ. ಇದ್ದರೆ ಯಾರೂ ತಕರಾರು ಮಾಡಲ್ಲ. ನನ್ನದೂ ಮೈಸೂರಿನ ಡಿಗ್ರಿಯೇ. ಸಂಬಳವಿಲ್ಲದೆ ಕ್ಲಬ್ಬಿನ ಕೆಲಸ ಮಾಡೋದಕ್ಕೆ ವೀಸಾದ ತೊಂದರೆಯೂ ಇಲ್ಲ. ಆದರೆ ಒಂದು ಎಚ್ಚರ ಇರಲಿ. ಬೇರೆಯವರಿಗೆ ಸಂಬಳ ಕೊಟ್ಟು ಮಾಡಿಸುವ ಕೆಲಸವನ್ನು ಯಾವುದೋ ಕಂಪನಿಗೆ ಬಿಟ್ಟಿಯಾಗಿ ಮಾಡಿಕೊಟ್ಟರೆ ಅದು ಸೇವೆ ಅನಿಸಿಕೊಳ್ಳಲ್ಲ. ಅನುಮಾನ ಬಂದರೆ ವಕೀಲರನ್ನು ಕೇಳಲಿ, ಪಕ್ಕದ ಮನೆಯವರನ್ನಲ್ಲ.

ಚಂದಾದಲ್ಲಿ ಮೂರು ಪಾಲು: ರಾಷ್ಟ್ರದ ಸಂಘಕ್ಕೆ, ರಾಜ್ಯಕ್ಕೆ, ಊರಿನ ಶಾಖೆಗೆ. ನಮ್ಮ ವರ್ಷ ಜುಲೈ 1ಕ್ಕೆ ಶುರುವಾಗಿ ಜೂನ್ 30ಕ್ಕೆ ಮುಗಿಯುತ್ತೆ. ಮೊದಲು ಅತಿಥಿಯಾಗಿ ಹೋಗಿ ನೋಡಲಿ, ದುಡ್ಡು ಆಮೇಲೆ ಕಟ್ಟಲಿ.

ಇನ್ನೊಂದು ಮಾತು ನಿಮ್ಮ ಮಗಳಿಗೆ. ದೊಡ್ಡ ಮೀಟಿಂಗಿಗೆ ಮಾತ್ರ ಹೋಗಿ ಬಂದರೆ ಏನೂ ಆಗಲ್ಲ. ಅಲ್ಲಿ ಎಲ್ಲರೂ ನಗುತ್ತಾರೆ, ಹೆಸರು ಕೇಳುತ್ತಾರೆ, ಮರೆಯುತ್ತಾರೆ. ಶಾಖೆಯ ಒಳಗೆ ಸಣ್ಣ ಸಣ್ಣ ಗುಂಪುಗಳಿರುತ್ತವೆ. ಪುಸ್ತಕ ಓದುವವರು, ಬೆಳಿಗ್ಗೆ ನಡೆಯುವವರು, ಬ್ರಿಜ್ ಆಡುವವರು. 'ಗ್ರೇಟ್ ಡಿಸಿಷನ್ಸ್' ಅಂತ ಒಂದು ಗುಂಪೂ ತುಂಬಾ ಕಡೆ ಇರುತ್ತೆ. ಫಾರಿನ್ ಪಾಲಿಸಿ ಅಸೋಸಿಯೇಷನ್ ಎಂಬ ಸಂಸ್ಥೆ 1954ರಿಂದ ನಡೆಸುತ್ತಿರುವ ಕಾರ್ಯಕ್ರಮ ಅದು. ವರ್ಷಕ್ಕೆ ಸಾಮಾನ್ಯವಾಗಿ ಎಂಟು ವಿದೇಶಾಂಗ ವಿಷಯ, ಒಂದು ಕೈಪಿಡಿ, ಓದಿಕೊಂಡು ಬಂದು ಚರ್ಚೆ ಮಾಡಬೇಕು. ಭಾರತದ ಮಾತು ಬಂದರೆ ಸಾಕು, ನಾನೇ ವಿದೇಶಾಂಗ ಸಚಿವೆ ಅನ್ನೋ ಹಾಗೆ ಎಲ್ಲರೂ ನನ್ನ ಕಡೆ ತಿರುಗುತ್ತಾರೆ. ಒಂದು ಮೇಜಿನ ಸುತ್ತ ಕೂತು ಜಗಳ ಆಡಿದವರನ್ನು ಯಾರೂ ಮರೆಯೋಕಾಗಲ್ಲ. ಆ ಥರದ ಗುಂಪಿಗೆ ಸೇರಲಿ.

ನಮ್ಮ ಬಡಾವಣೆಯ ಮಹಿಳಾ ಸಮಾಜದಲ್ಲಿ ಅಧ್ಯಕ್ಷೆ ಅಂದರೆ ದೀಪ ಹಚ್ಚುವವರು, ಹಾರ ಹಾಕಿಸಿಕೊಳ್ಳುವವರು. ನಿಮ್ಮಲ್ಲಿ ಅಧ್ಯಕ್ಷೆಗೆ ಏನು ಕೆಲಸ?
— ನಿವೃತ್ತ ಉಪನ್ಯಾಸಕಿ, ಮೈಸೂರು

ಹಾರ ಇಲ್ಲ ಮೇಡಂ. ಕುರ್ಚಿ ಜೋಡಿಸೋದು ಇದೆ. ಬಾಗಿಲಿನ ಬೀಗದ ಕೈ ಯಾರ ಹತ್ತಿರ ಅಂತ ಹಿಂದಿನ ರಾತ್ರಿ ಫೋನ್ ಮಾಡಿ ಹುಡುಕೋದೂ ಇದೆ.

ಕಾಗದದ ಮೇಲೆ ಹೇಳುವುದಾದರೆ ಅಧ್ಯಕ್ಷೆ ಮಂಡಳಿಯ ಸಭೆ ನಡೆಸಬೇಕು. ಕಾರ್ಯಕ್ರಮಕ್ಕೆ ಒಬ್ಬ ಉಪಾಧ್ಯಕ್ಷೆ, ಸದಸ್ಯತ್ವಕ್ಕೆ ಇನ್ನೊಬ್ಬರು, ಜೊತೆಗೆ ಕಾರ್ಯದರ್ಶಿ, ಖಜಾಂಚಿ. ಇವರ ನಡುವೆ ಮಾತು ನಿಲ್ಲದ ಹಾಗೆ ನೋಡಿಕೊಳ್ಳಬೇಕು. ಸಭೆ ನಡೆಯೋದು 'ರಾಬರ್ಟ್ಸ್ ರೂಲ್ಸ್' ಪ್ರಕಾರ. ಹೆನ್ರಿ ರಾಬರ್ಟ್ ಅಂತ ಒಬ್ಬ ಸೈನ್ಯದ ಎಂಜಿನಿಯರ್ ಇದ್ದ. ಚರ್ಚಿನಲ್ಲಿ ಒಂದು ಸಭೆಯ ಅಧ್ಯಕ್ಷತೆ ಅವನ ತಲೆಗೆ ಬಂತು. ಸಭೆ ಗಲಾಟೆಯಲ್ಲಿ ಮುಗಿಯಿತು. ಆ ಅವಮಾನಕ್ಕೆ ಅವನು ನಿಯಮಗಳನ್ನು ಕಲಿಯುತ್ತಾ ಹೋಗಿ 1876ರಲ್ಲಿ ಪುಸ್ತಕವನ್ನೇ ಬರೆದ. ಇವತ್ತಿಗೂ ಅಮೆರಿಕದ ಬಹಳಷ್ಟು ಸಣ್ಣ ಸಂಘಗಳು ಅದರ ಮೇಲೆಯೇ ನಡೆಯುತ್ತವೆ. ಒಬ್ಬರು ಮೋಷನ್, ಅಂದರೆ ಠರಾವು, ಮಂಡಿಸಬೇಕು, ಇನ್ನೊಬ್ಬರು ಸೆಕೆಂಡ್ ಮಾಡಬೇಕು, ಅಂದರೆ ಅನುಮೋದಿಸಬೇಕು, ಆಮೇಲೆ ಚರ್ಚೆ, ಆಮೇಲೆ ವೋಟು. ಐವತ್ತು ಡಾಲರ್ ಖರ್ಚಿಗೂ ಇಷ್ಟೂ ಆಗಬೇಕು. ಮೊದಮೊದಲು ನನಗೆ ನಗು ಬರುತ್ತಿತ್ತು. ಆಮೇಲೆ ಇದರ ಲಾಭ ಗೊತ್ತಾಯಿತು. 'ಎಲ್ಲರೂ ಒಪ್ಪಿದ್ದೀರಿ ಅಂತ ತಿಳ್ಕೊಳ್ತೀನಿ' ಅಂತ ಯಾರೂ ಮುಗಿಸಿಬಿಡೋಕೆ ಇಲ್ಲಿ ಆಗಲ್ಲ. ಮೆಲ್ಲಗೆ ಮಾತಾಡುವವರ ಸರದಿಯೂ ಬಂದೇ ಬರುತ್ತೆ.

ನನ್ನ ಪ್ರಕಾರ ಅಧ್ಯಕ್ಷೆಯ ನಿಜವಾದ ಕೆಲಸ ಒಂದೇ: ಮುಂದಿನವರನ್ನು ಹುಡುಕೋದು. ಚಳಿಗಾಲ ಮುಗಿಯುವಾಗ ಹುದ್ದೆಗಳಿಗೆ ಹೆಸರು ಸೂಚಿಸುವ ನಾಮನಿರ್ದೇಶನ ಸಮಿತಿ ಅಂತ ಒಂದು ಕೂರುತ್ತೆ. ವಸಂತದಲ್ಲಿ ಚುನಾವಣೆ. ಜುಲೈ 1ಕ್ಕೆ ಹೊಸಬರು. ಚುನಾವಣೆ ಅಂದರೆ ಪೈಪೋಟಿ ಅಂದುಕೊಳ್ಳಬೇಡಿ. ಒಂದು ಹುದ್ದೆಗೆ ಒಂದು ಹೆಸರು ಸಿಕ್ಕರೆ ಅದೇ ಹಬ್ಬ. ಅಧ್ಯಕ್ಷೆಯಾಗಲು ಯಾರೂ ಒಪ್ಪದೆ ಮುಚ್ಚಿಹೋದ ಶಾಖೆಗಳು ಬೇಕಾದಷ್ಟಿವೆ. ದುಡ್ಡಿಲ್ಲದೆ ಮುಚ್ಚಿದ್ದು ಕಡಿಮೆ. ಇತ್ತೀಚೆಗೆ ಇಬ್ಬರು ಸೇರಿ ಸಹ-ಅಧ್ಯಕ್ಷೆಯರಾಗುವುದು ಜಾಸ್ತಿಯಾಗಿದೆ. ಒಬ್ಬರಿಗೆ ಮೊಮ್ಮಗು ಹುಟ್ಟಿದರೆ ಇನ್ನೊಬ್ಬರು ಸಭೆ ನಡೆಸುತ್ತಾರೆ. ಒಳ್ಳೇ ಏರ್ಪಾಡು.

ಅಧ್ಯಕ್ಷೆಯಾದರೂ ಸಿಗುತ್ತಾರೆ. ಸ್ವಲ್ಪ ಹೊಗಳಿದರೆ ಒಪ್ಪಿಕೊಳ್ಳುತ್ತಾರೆ. ಖಜಾಂಚಿ ಸಿಗಲ್ಲ. ಅದು ಮೆಚ್ಚುಗೆ ಇಲ್ಲದ ಕೆಲಸ. ಚಂದಾ ಮೂರು ಕಡೆಗೆ ಹಂಚಬೇಕು, ಬಜೆಟ್ ಬರೆಯಬೇಕು, ತೆರಿಗೆ ಇಲಾಖೆಗೆ ವರ್ಷಕ್ಕೊಮ್ಮೆ ಫಾರ್ಮ್ ಕಳಿಸಬೇಕು. ವರಮಾನ ಸಾಮಾನ್ಯವಾಗಿ 50,000 ಡಾಲರಿನ ಒಳಗಿರುವ ನಮ್ಮಂಥ ಸಂಘಕ್ಕೆ ಅದು ಪೋಸ್ಟ್‌ಕಾರ್ಡಿನಷ್ಟು ಚಿಕ್ಕ ಫಾರ್ಮು. ಹತ್ತು ನಿಮಿಷದ ಕೆಲಸ. ಆದರೆ ಸತತವಾಗಿ ಮೂರು ವರ್ಷ ಮರೆತರೆ ತೆರಿಗೆ ವಿನಾಯಿತಿ ತನ್ನಷ್ಟಕ್ಕೆ ರದ್ದು. ಭಾಷಣ ಮಾಡುವ ಅಧ್ಯಕ್ಷೆ ಇದ್ದೂ ಆ ಹತ್ತು ನಿಮಿಷ ಕೂರುವವರು ಇಲ್ಲದಿದ್ದರೆ ಶಾಖೆಯ ಕಥೆ ಮುಗೀತು.

ನಾನು ನನ್ನ ಖಜಾಂಚಿಯನ್ನು ಹಿಡಿದದ್ದು ಪುಸ್ತಕ ಮಾರಾಟದ ದಿನ. ಹಿಂದಿನ ಸಾಲಿನಲ್ಲಿ ಸುಮ್ನೆ ಕೂರುತ್ತಿದ್ದ ಒಬ್ಬರು. ಬಾದಾಮಿ ಸುಲಿಯುವ ಮಿಲ್ಲಿನ ಆಫೀಸಿನಲ್ಲಿ ಲೆಕ್ಕ ಬರೆದವರು ಅಂತ ಮಾತ್ರ ಗೊತ್ತಿತ್ತು. 'ಖಜಾಂಚಿ ಆಗ್ತೀರಾ' ಅಂತ ನಾನು ಕೇಳಲಿಲ್ಲ. 'ಸಂಜೆ ದುಡ್ಡು ಎಣಿಸೋಕೆ ಇನ್ನೊಬ್ಬರು ಬೇಕು, ಕೂತ್ಕೊಳ್ತೀರಾ' ಅಂದೆ. ಬಂದರು. ಕಸೂತಿ ಎಳೆ ತುಂಬುವ ತಗಡಿನ ಡಬ್ಬದಲ್ಲಿ ನಮ್ಮ ದುಡ್ಡು ಇತ್ತು. ಅವರು ಒಂದು ಡಾಲರಿನ ನೋಟುಗಳನ್ನೆಲ್ಲ ತಲೆ ಒಂದೇ ಕಡೆ ಬರುವ ಹಾಗೆ ತಿರುಗಿಸಿ, ಇಪ್ಪತ್ತೈದರ ಕಟ್ಟು ಮಾಡಿ, ಪ್ರತಿ ಕಟ್ಟಿಗೂ ಒಂದು ಚೀಟಿ ಸುತ್ತಿದರು. ಚೀಟಿಯ ಮೇಲೆ ತಮ್ಮ ಸಹಿ ಹಾಕಿ ನನ್ನ ಕಡೆ ತಳ್ಳಿದರು. 'ನೀವೂ ಹಾಕಿ, ಒಬ್ಬರೇ ಎಣಿಸಿದ ದುಡ್ಡು ಎಣಿಸಿದ ಹಾಗಲ್ಲ' ಅಂದರು. ಅವತ್ತೇ ನಾಮನಿರ್ದೇಶನ ಸಮಿತಿಗೆ ಹೆಸರು ಹೇಳಿಬಿಟ್ಟೆ.

ಊಟ, ಭಾಷಣ, ಪುಸ್ತಕ ಬಿಟ್ಟರೆ ಕ್ಲಬ್ಬಿನಿಂದ ಊರಿಗೆ ಏನು ಉಪಯೋಗ?
— ಪ್ರೌಢಶಾಲೆ ಶಿಕ್ಷಕಿ, ತಿಪಟೂರು

ಖಾರವಾಗಿ ಕೇಳಿದ್ದೀರಿ, ಸರಿಯಾಗೇ ಕೇಳಿದ್ದೀರಿ. ನಮ್ಮ ಶಾಖೆಯ ದುಡ್ಡು ಜಾಸ್ತಿ ಹೋಗೋದು 'ಟೆಕ್ ಟ್ರೆಕ್' ಎಂಬ ಬೇಸಿಗೆ ಶಿಬಿರಕ್ಕೆ. ಇದು 1998ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಶುರುವಾಯಿತು. ಕ್ಯಾಲಿಫೋರ್ನಿಯಾದ ಸದಸ್ಯೆಯರೇ ಕಟ್ಟಿದ್ದು. ಏಳನೇ ತರಗತಿ ಮುಗಿಸಿದ ಹುಡುಗಿಯರು ಒಂದು ವಾರ ಯೂನಿವರ್ಸಿಟಿಯ ಹಾಸ್ಟೆಲಿನಲ್ಲಿ ಇದ್ದು ಗಣಿತ, ವಿಜ್ಞಾನ, ಕೋಡಿಂಗ್ ಮಾಡುತ್ತಾರೆ. ಎಂಜಿನಿಯರು, ಪಶುವೈದ್ಯೆ ಮುಂತಾದ ಹೆಂಗಸರು ಬಂದು ಅವರ ಜೊತೆ ಮಾತಾಡುತ್ತಾರೆ. ಶಾಲೆಯ ಮೇಷ್ಟರು ಹೆಸರು ಸೂಚಿಸಬೇಕು, ಶಾಖೆಯ ಹೆಂಗಸರು ಸಂದರ್ಶನ ಮಾಡಬೇಕು. ಖರ್ಚಿನ ದೊಡ್ಡ ಪಾಲು ಶಾಖೆಯದು.

ಸಂದರ್ಶನಕ್ಕೆ ಬರುವ ಹುಡುಗಿಯರಲ್ಲಿ ತೋಟದ ಕೂಲಿಗಳ ಮಕ್ಕಳು ತುಂಬಾ. ಅಮ್ಮ ಇಂಗ್ಲಿಷ್ ಬಾರದೆ ಹೊರಗಡೆ ಬೆಂಚಿನ ಮೇಲೆ ಕೂತಿರುತ್ತಾಳೆ. ಒಂದು ಹುಡುಗಿಗೆ 'ನಿನಗೆ ವಿಜ್ಞಾನ ಯಾಕೆ ಇಷ್ಟ' ಅಂತ ಕೇಳಿದರು. ತಲೆ ತಗ್ಗಿಸಿ ಕೂತಳು. ಇದು ಕೆಟ್ಟ ಪ್ರಶ್ನೆ, ನಿಮಗೂ ಗೊತ್ತು, ದೊಡ್ಡವರಿಗೇ ಉತ್ತರ ಬರಲ್ಲ. ನಾನು 'ನಿಮ್ಮ ಮನೆ ಹತ್ತಿರ ಏನಾದರೂ ಕೆಟ್ಟುಹೋದರೆ ನಿನಗೆ ಹೇಗೆ ಗೊತ್ತಾಗುತ್ತೆ' ಅಂತ ಕೇಳಿದೆ. ಹುಡುಗಿ ತಲೆ ಎತ್ತಿದಳು. ತೋಟಕ್ಕೆ ನೀರು ಬಿಡುವ ಪಂಪಿನ ಫಿಲ್ಟರ್ ಕಟ್ಟಿಕೊಂಡರೆ ಮೋಟಾರಿನ ಸದ್ದು ಬದಲಾಗುತ್ತಂತೆ. ಅಪ್ಪನಿಗಿಂತ ಮೊದಲು ಅವಳಿಗೇ ಕೇಳಿಸುತ್ತಂತೆ. ಸದ್ದು ಮಾಡಿ ತೋರಿಸಿದಳು, ಮೊದಲು ಸರಿಯಾದ ಪಂಪು, ಆಮೇಲೆ ಕಟ್ಟಿಕೊಂಡ ಪಂಪು. ಬೋರ್‌ವೆಲ್ ಮೋಟಾರು ಕೇಳಿ ಬೆಳೆದವಳು ನಾನು, ನನಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಆ ವರ್ಷ ಅವಳು ಹೋದಳು.

ಆ ದುಡ್ಡು ಬರೋದು ಪುಸ್ತಕ ಮಾರಿ. ಪೇಪರ್‌ಬ್ಯಾಕ್ ಒಂದು ಡಾಲರ್. ಅಡಿಗೆ ಪುಸ್ತಕ, ಮಕ್ಕಳ ಪುಸ್ತಕ ಮೊದಲ ಗಂಟೆಯಲ್ಲೇ ಖಾಲಿ. ವಿಶ್ವಕೋಶಗಳನ್ನು ಕೈಮುಗಿದರೂ ಯಾರೂ ಒಯ್ಯಲ್ಲ. ಕೊನೆಯ ಗಂಟೆಯಲ್ಲಿ ಒಂದು ಚೀಲ ಕೊಡುತ್ತೇವೆ, ತುಂಬಿದಷ್ಟು ನಿಮ್ಮದು. ಕಾಯುತ್ತಾ ನಿಂತಿರುವ ಗಿರಾಕಿಗಳು ನಮಗೆಲ್ಲ ಮುಖಪರಿಚಯ.

ಈ ಸಂಘ ಹುಟ್ಟಿದ್ದು ಹೇಗೆ? ಅಲ್ಲಿ ಹೆಂಗಸರು ಓದಲು ಮೊದಲಿನಿಂದ ಅಡ್ಡಿ ಇರಲಿಲ್ಲ ಅಲ್ವಾ?
— ಇತಿಹಾಸ ವಿದ್ಯಾರ್ಥಿನಿ, ಧಾರವಾಡ

ಅಡ್ಡಿ ಇತ್ತಮ್ಮ. 1873ರಲ್ಲಿ ಎಡ್ವರ್ಡ್ ಕ್ಲಾರ್ಕ್ ಎಂಬ ಬಾಸ್ಟನ್ನಿನ ಡಾಕ್ಟರು ಒಂದು ಪುಸ್ತಕ ಬರೆದ. ಹುಡುಗಿಯರು ಹುಡುಗರ ಹಾಗೆ ಓದಿದರೆ ಮೆದುಳಿಗೆ ಶಕ್ತಿ ಹೋಗಿ ಗರ್ಭಕೋಶ ಸೊರಗುತ್ತೆ, ಮಕ್ಕಳಾಗಲ್ಲ ಅನ್ನೋದು ಅದರ ತಿರುಳು. ಜನ ನಂಬಿದರು. ನಮ್ಮ ಅಜ್ಜಿಯಂದಿರೂ ಇದನ್ನೇ ಬೇರೆ ಮಾತಲ್ಲಿ ಹೇಳುತ್ತಿದ್ದರು ಅನ್ನಿ.

1881ರ ನವೆಂಬರಿನಲ್ಲಿ ಬಾಸ್ಟನ್ನಿನಲ್ಲೇ 17 ಪದವೀಧರೆಯರು ಸೇರಿದರು. ಮರಿಯನ್ ಟಾಲ್ಬಟ್ ಮತ್ತು ಎಲೆನ್ ಸ್ವಾಲೋ ರಿಚರ್ಡ್ಸ್ ಮುಂದಾಳುಗಳು. ರಿಚರ್ಡ್ಸ್ ಎಂಐಟಿಯಲ್ಲಿ ಓದಿದ ಮೊದಲ ಹೆಂಗಸು, ರಸಾಯನಶಾಸ್ತ್ರದವರು. ಆ ಡಾಕ್ಟರಿಗೆ ಇವರು ಭಾಷಣದ ಉತ್ತರ ಕೊಡಲಿಲ್ಲ. ಕಾಲೇಜು ಮುಗಿಸಿದ ಹೆಂಗಸರಿಗೆಲ್ಲ ಪ್ರಶ್ನಾವಳಿ ಕಳಿಸಿ ಅವರ ಆರೋಗ್ಯದ ಲೆಕ್ಕ ತೆಗೆದರು. 705 ಜನ ಉತ್ತರ ಬರೆದರು. 1885ರಲ್ಲಿ ವರದಿ ಬಂತು. ಓದಿನಿಂದ ಆರೋಗ್ಯ ಕೆಡುವುದಿಲ್ಲ ಅಂತ ಅಂಕಿ ಅಂಶ ಸಮೇತ ತೋರಿಸಿತು. ನಾನು ಇವರ ಅಭಿಮಾನಿಯಾಗಿದ್ದು ಈ ಒಂದು ಕಾರಣಕ್ಕೆ. 1921ರಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಇಂಥದೇ ಸಂಘವೂ ಕೂಡಿಕೊಂಡು ಈಗಿನ ಹೆಸರು ಬಂತು. 1987ರಿಂದ ಗಂಡಸರೂ ಸದಸ್ಯರಾಗಬಹುದು. ನಮ್ಮಲ್ಲಿ ಇದ್ದಾರೆ. ಮೇಜು ಎತ್ತುವಾಗ ಅವರ ಹೆಸರು ಜೋರಾಗಿ ಕೇಳಿಸುತ್ತೆ.

ಸುಶಿಕ್ಷಿತ ಹೆಂಗಸರ ಸಂಘ ಅಂದರೆ ಬಿಳಿಯರ ಸಂಘವೇ ಇರಬೇಕು. ನಮ್ಮಂಥವರನ್ನು ಒಳಗೆ ಬಿಡುತ್ತಾರೆಯೇ?
— ಓದುಗಿ, ಕಲಬುರಗಿ

ನನ್ನನ್ನು ಬಿಟ್ಟರು. ಆದರೆ ನಿಮ್ಮ ಅನುಮಾನಕ್ಕೆ ಆಧಾರ ಇದೆ, ಮುಚ್ಚಿಡಲ್ಲ.

ಮೇರಿ ಚರ್ಚ್ ಟೆರೆಲ್ ಅಂತ ಒಬ್ಬ ಕಪ್ಪು ಮಹಿಳೆ. 1884ರಲ್ಲೇ ಓಬರ್ಲಿನ್ ಕಾಲೇಜಿನ ಪದವಿ ಪಡೆದವರು. ಹಿಂದೆ ಸದಸ್ಯೆಯಾಗಿದ್ದು ಬಿಟ್ಟಿದ್ದರು. 1946ರಲ್ಲಿ ವಾಷಿಂಗ್ಟನ್ ಶಾಖೆಗೆ ಮತ್ತೆ ಅರ್ಜಿ ಹಾಕಿದರೆ ಆ ಶಾಖೆ ತೆಗೆದುಕೊಳ್ಳಲಿಲ್ಲ. ಪದವಿ ಇದ್ದರೆ ಸಾಕು, ಬೇರೇನೂ ಕೇಳಬಾರದು ಅಂತ ರಾಷ್ಟ್ರೀಯ ಮಂಡಳಿ ಹೇಳಿತು. ಶಾಖೆ ಕೋರ್ಟಿಗೆ ಹೋಯಿತು, ಗೆದ್ದೂ ಬಿಟ್ಟಿತು! ಯಾಕೆ ಗೊತ್ತಾ? ಬೈಲಾದಲ್ಲಿ ಆ ಮಾತು ಸ್ಪಷ್ಟವಾಗಿ ಬರೆದಿರಲಿಲ್ಲ. 1949ರ ಸಮ್ಮೇಳನದಲ್ಲಿ ಭಾರೀ ಬಹುಮತದಿಂದ ಬೈಲಾವನ್ನೇ ತಿದ್ದಿದರು. ಒಪ್ಪದವರು ಸಂಘ ಬಿಟ್ಟು ಹೋದರು. ವಾಷಿಂಗ್ಟನ್ನಿನಲ್ಲಿ ಹೊಸ ಶಾಖೆ ಎದ್ದಿತು, ಟೆರೆಲ್ ಒಳಗೆ ಬಂದರು. ಆಗ ಅವರಿಗೆ ಎಂಬತ್ತೈದು ದಾಟಿತ್ತು. ಆಮೇಲೂ ಸುಮ್ಮನಿರಲಿಲ್ಲ. ವಾಷಿಂಗ್ಟನ್ನಿನ ಹೋಟೆಲುಗಳಲ್ಲಿ ಕಪ್ಪು ಜನರಿಗೆ ಊಟ ಬಡಿಸದ ಪದ್ಧತಿಯ ವಿರುದ್ಧ ಹೋರಾಡಿ 1953ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆಲುವು ಕಂಡರು.

ಬೈಲಾ ಓದೋದು ಬೋರು ಅನ್ನುವ ಸದಸ್ಯೆಯರಿಗೆ ನಾನು ಈ ಕಥೆ ಹೇಳುತ್ತೇನೆ. ಇವತ್ತಿನ ಶಾಖೆಗಳಲ್ಲಿ ತೊಂದರೆ ಬೇರೆ ಥರದ್ದು. ಬಾಗಿಲು ತೆಗೆದೇ ಇರುತ್ತೆ, ಒಳಗೆ ಹೋದರೆ ಮಾತಾಡಿಸುವವರು ತಮ್ಮ ಹಳೇ ಗೆಳತಿಯರ ಜೊತೆ ಕೂತಿರುತ್ತಾರೆ. ಅದಕ್ಕೇ ದಾವಣಗೆರೆಯವರಿಗೆ ಹೇಳಿದ್ದು, ಸಣ್ಣ ಗುಂಪು ಹಿಡಿಯಿರಿ ಅಂತ.

ರಾಜಕೀಯ ಉಂಟಾ?
— ಓದುಗರು, ಪುತ್ತೂರು

ಪಕ್ಷದ್ದು ಇಲ್ಲ. ಯಾವ ಅಭ್ಯರ್ಥಿಗೂ ವೋಟು ಕೇಳಲ್ಲ. ವಿಷಯದ್ದು ಉಂಟು. ಸಮಾನ ಸಂಬಳಕ್ಕೆ ಅಂತ 1963ರ ಕಾನೂನಿನ ಕಾಲದಿಂದ ಈ ಸಂಘ ಬೆನ್ನು ಹತ್ತಿದೆ. 2023ರ ಸರ್ಕಾರಿ ಲೆಕ್ಕದಲ್ಲಿ, ವರ್ಷವಿಡೀ ಪೂರ್ತಿ ದಿನ ದುಡಿದ ಗಂಡಸಿಗೆ ಒಂದು ಡಾಲರ್ ಬಂದರೆ ಹೆಂಗಸಿಗೆ ಬಂದದ್ದು ಸುಮಾರು 83 ಸೆಂಟು. ಇದರ ಬಗ್ಗೆ ಮಾರ್ಚಿನಲ್ಲಿ ಒಂದು ದಿನ ಕೆಂಪು ಬಟ್ಟೆ ಹಾಕಿ ನಿಲ್ಲುತ್ತೇವೆ. ನನ್ನ ಮೊಳಕಾಲ್ಮೂರು ಸೀರೆಗೆ ವರ್ಷಕ್ಕೊಂದು ಹೊರಸಂಚಾರ.

ಕರ್ನಾಟಕಕ್ಕೂ ಇಂಥ ಸಂಘಗಳಿಗೂ ಏನಾದರೂ ಸಂಬಂಧ ಇದೆಯಾ, ಸುಮ್ನೆ ವಿದೇಶದ ಕಥೆಯಾ?
— ಓದುಗಿ, ಮಲ್ಲೇಶ್ವರ, ಬೆಂಗಳೂರು

ನಿಮ್ಮ ಮನೆ ಪಕ್ಕದ್ದೇ ಕಥೆ ಹೇಳುತ್ತೇನೆ. ಕಮಲಾ ಸೊಹೋನಿ (ಆಗ ಕಮಲಾ ಭಾಗವತ್) 1933ರಲ್ಲಿ ಬಾಂಬೆ ಯೂನಿವರ್ಸಿಟಿಯ ಡಿಗ್ರಿ ಹಿಡಿದು ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಐಐಎಸ್‌ಸಿಗೆ, ಅರ್ಜಿ ಹಾಕಿದರು. ಹೆಂಗಸು ಅಂತ ಸಿ.ವಿ. ರಾಮನ್ ಸೇರಿಸಿಕೊಳ್ಳಲಿಲ್ಲ. ಹಟ ಹಿಡಿದು ಕೂತ ಮೇಲೆ ಒಂದು ವರ್ಷ ಪರೀಕ್ಷೆಯ ಮೇಲೆ ಇರಲಿ ಅಂತ ಷರತ್ತು ಹಾಕಿ ತೆಗೆದುಕೊಂಡರು. ಅವರು ಹಾಲು, ಬೇಳೆಕಾಳುಗಳ ಪ್ರೋಟೀನಿನ ಮೇಲೆ ಕೆಲಸ ಮಾಡಿ ತೋರಿಸಿದರು. ಆಮೇಲೆ ಕೇಂಬ್ರಿಡ್ಜ್. ಅಲ್ಲಿ ಅವರಿಗೆ ನೆರವಾದವುಗಳಲ್ಲಿ ಅಮೆರಿಕದ ಪದವೀಧರ ಮಹಿಳೆಯರ ಸಂಘಟನೆ ಕೊಟ್ಟ ಪ್ರವಾಸ ಫೆಲೋಶಿಪ್ಪೂ ಒಂದು. 1939ರಲ್ಲಿ ಪಿಎಚ್‌.ಡಿ. ಬಂತು. ಪ್ರಬಂಧ ಬರೀ 40 ಪುಟ. ವಿಜ್ಞಾನದಲ್ಲಿ ಪಿಎಚ್‌.ಡಿ. ಪಡೆದ ಮೊದಲ ಭಾರತೀಯ ಮಹಿಳೆ ಅಂತ ಅವರನ್ನು ಕರೆಯುತ್ತಾರೆ. ಮುಂದೆ ನೀರಾದ ಪೌಷ್ಟಿಕಾಂಶದ ಮೇಲೂ ಕೆಲಸ ಮಾಡಿದರು. ನಮ್ಮ ತೆಂಗಿನ ಸೀಮೆಯವರಿಗೆ ಇದು ಗೊತ್ತಿರಬೇಕು.

ಆ ಫೆಲೋಶಿಪ್ಪಿನ ದುಡ್ಡು ಎಲ್ಲಿಂದ ಬಂದಿರಬಹುದು ಅಂತ ನಾನು ಆಗಾಗ ಯೋಚಿಸುತ್ತೇನೆ. ಯಾವುದೋ ಊರಿನ ಶಾಖೆಯಲ್ಲಿ ಯಾರೋ ಕೇಕು ಮಾರಿ ಎಣಿಸಿದ ಚಿಲ್ಲರೆಯೂ ಅದರಲ್ಲಿ ಇದ್ದೀತು. ದೇಶದೇಶಗಳ ಪದವೀಧರೆಯರ ಒಕ್ಕೂಟವೂ ಒಂದಿದೆ. ಒಂದನೇ ಮಹಾಯುದ್ಧ ಮುಗಿದ ಮೇಲೆ 1919ರಲ್ಲಿ ಹುಟ್ಟಿದ್ದು. 2015ರಿಂದ ಅದರ ಹೆಸರು ಗ್ರಾಜುಯೇಟ್ ವಿಮೆನ್ ಇಂಟರ್‌ನ್ಯಾಷನಲ್. ಭಾರತದ ಪದವೀಧರೆಯರಿಗೂ ಅದರ ಜೊತೆ ಹಳೇ ನಂಟಿದೆ.

ನನಗೆ ಇಪ್ಪತ್ತೆಂಟು. ಫ್ರೀಮಾಂಟಿನಲ್ಲಿ ಎಂಜಿನಿಯರ್. ಒಂದು ಶಾಖೆಯ ಮೀಟಿಂಗಿಗೆ ಹೋದೆ, ಎಲ್ಲರೂ ಎಪ್ಪತ್ತರ ಮೇಲಿನವರು. ನನಗೇನು ಕೆಲಸ ಅಲ್ಲಿ?
— ಓದುಗಿ, ಕ್ಯಾಲಿಫೋರ್ನಿಯಾ

ವೆಬ್‌ಸೈಟ್ ಮಾಡಿಕೊಡು ಅಂತ ಕೇಳಿರುತ್ತಾರೆ. ಒಪ್ಪಬೇಡಿ. ಒಪ್ಪಿದರೆ ಹತ್ತು ವರ್ಷ ಅದೇ ಕೆಲಸ. ಟೆಕ್ ಟ್ರೆಕ್ ಸಂದರ್ಶನದ ಮೇಜಿಗೆ ಕೂರಿಸಿ ಅಂತ ಕೇಳಿ. ಹುಡುಗಿಯರು ನನ್ನ ಬಿಳಿ ಕೂದಲು ನೋಡಿ ಅಜ್ಜಿಗೆ ಹೇಳುವ ಉತ್ತರ ಹೇಳುತ್ತಾರೆ. ನಿಮಗೆ ನಿಜ ಹೇಳುತ್ತಾರೆ. ಮತ್ತೆ ಆ ಎಪ್ಪತ್ತರವರನ್ನು ಸ್ವಲ್ಪ ಮಾತಾಡಿಸಿ. ಮದುವೆಯಾದ ಹೆಂಗಸಿಗೆ ಗಂಡನ ಸಹಿ ಇಲ್ಲದೆ ಬ್ಯಾಂಕು ಸಾಲ ಕೊಡದಿದ್ದ ಕಾಲ ಅವರಿಗೆ ನೆನಪಿದೆ. ಅದನ್ನು ತಡೆಯುವ ಕಾನೂನು ಬಂದದ್ದು 1974ರಲ್ಲಿ.

ನಮ್ಮೂರಲ್ಲಿ ಇಂಥದೊಂದು ಕಟ್ಟಬೇಕು ಅಂತ ನಾವು ಕೆಲವು ಗೆಳತಿಯರು ಮಾತಾಡಿಕೊಂಡಿದ್ದೇವೆ. ಹೆಸರು, ಲೋಗೊ ರೆಡಿ. ಮುಂದೇನು?
— ಓದುಗಿ, ಹಾಸನ

ಲೋಗೊ ಬದಿಗಿಡಿ. ಒಂದು ಕೆಲಸ ಹಿಡಿಯಿರಿ. ಹತ್ತನೇ ತರಗತಿ ಹುಡುಗಿಯರಿಗೆ ಭಾನುವಾರ ಗಣಿತ ಹೇಳಿಕೊಡೋದೋ, ಬಸ್‌ಸ್ಟ್ಯಾಂಡಿನ ಶೌಚಾಲಯದ ಬಗ್ಗೆ ನಗರಸಭೆಗೆ ಹೋಗೋದೋ, ಯಾವುದಾದರೂ ಒಂದು. ಅದನ್ನು ಒಂದು ವರ್ಷ ಮಾಡಿ. ಯಾರು ಮಳೆ ಬಂದ ದಿನವೂ ಬಂದರು ಅಂತ ನೋಡಿಟ್ಟುಕೊಳ್ಳಿ. ನಿಮ್ಮ ಕಾರ್ಯದರ್ಶಿ, ಖಜಾಂಚಿ ಅವರೇ.

ನೋಂದಣಿ ಆಮೇಲೆ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಕಡಿಮೆ ಅಂದರೂ ಏಳು ಜನ ಬೇಕು. ಬೈಲಾದಲ್ಲಿ ಎರಡು ವಿಷಯ ಮೊದಲೇ ಬರೆದುಬಿಡಿ. ಅಧ್ಯಕ್ಷೆ ಎಷ್ಟು ವರ್ಷಕ್ಕೆ ಇಳಿಯಲೇಬೇಕು ಅನ್ನೋದು ಒಂದು. ಚೆಕ್ಕಿಗೆ ಇಬ್ಬರ ಸಹಿ ಬೇಕು ಅನ್ನೋದು ಇನ್ನೊಂದು. ಸ್ನೇಹ ಚೆನ್ನಾಗಿರುವಾಗಲೇ ಬರೆಯಿರಿ. ಜಗಳ ಆದಮೇಲೆ ಬರೆಯೋಕೆ ಹೋದರೆ ಪ್ರತಿ ಸಾಲೂ ಯಾರದೋ ಮೇಲೆ ಬರೆದ ಹಾಗಿರುತ್ತೆ.

ಏಳು ಜನ ಆದಾಗ ಪತ್ರಿಕೆಯ ವಿಳಾಸಕ್ಕೆ ಕಾಗದ ಹಾಕಿ. ನಮ್ಮ ಶಾಖೆಯ ಬೈಲಾ ಕಳಿಸುತ್ತೇನೆ. ಇಂಗ್ಲಿಷಿನಲ್ಲಿದೆ, ಕನ್ನಡ ಮಾಡಿಕೊಳ್ಳುವ ಕೆಲಸ ನಿಮ್ಮದು.